ಅಮಾವಾಸ್ಯೆ ನೋಡಿ ಟೆಂಟ್ ಹಾಕಿ: ಮಿಷಿಗನ್ ಸರೋವರದ ದಂಡೆಯಲ್ಲಿ ಒಂದು ರಾತ್ರಿ

[ಪರದೆ ಪೂರ್ತಿ ಕಪ್ಪು. ಕಲ್ಲಿನ ಮೇಲೆ ನೀರು ಸರಿಯುವ ಸದ್ದು.]

ನಮಸ್ಕಾರ. ಈಗ ನೀವು ಕೇಳುತ್ತಿರುವುದು ಸಮುದ್ರವಲ್ಲ, ಸರೋವರ. ಅಮೆರಿಕದ ಮಿಷಿಗನ್ ಸರೋವರ. ಕರ್ನಾಟಕದ ಹೆಚ್ಚುಕಮ್ಮಿ ಮೂರನೇ ಒಂದು ಭಾಗದಷ್ಟು ಜಾಗ ಪೂರ್ತಿ ನೀರು ಅಂದುಕೊಳ್ಳಿ, ಅಷ್ಟು ದೊಡ್ಡದು. ಆಚೆ ದಡ ಕಣ್ಣಿಗೆ ಕಾಣುವುದೇ ಇಲ್ಲ.

[ನಕ್ಷೆ: ವಿಸ್ಕಾನ್ಸಿನ್, ಡೋರ್ ಕೌಂಟಿ.]

ವಿಸ್ಕಾನ್ಸಿನ್ ರಾಜ್ಯದಿಂದ ಈ ಸರೋವರದೊಳಗೆ ಹೆಬ್ಬೆರಳಿನ ಹಾಗೆ ಚಾಚಿಕೊಂಡಿರುವ ನೆಲವೇ ಡೋರ್ ಕೌಂಟಿ. ಅದರ ತುದಿಯ ಹತ್ತಿರ ನ್ಯೂಪೋರ್ಟ್ ಸ್ಟೇಟ್ ಪಾರ್ಕ್ ಇದೆ. 1880ರ ದಶಕದಲ್ಲಿ ಇಲ್ಲಿ ಮರ ಕಡಿಯುವವರ ಹಳ್ಳಿ ಇತ್ತು. ಮರ ಮುಗಿಯಿತು, ಜನ ಹೋದರು, ಕಾಡು ವಾಪಸ್ ಬಂತು. ಈಗ ಸುಮಾರು 18 ಕಿಲೋಮೀಟರ್ ದಂಡೆ, ಹಿಂದೆ ಕಾಡು, ಅಷ್ಟೇ. 2017ರಲ್ಲಿ ಇದಕ್ಕೆ ಅಂತರರಾಷ್ಟ್ರೀಯ ಡಾರ್ಕ್ ಸ್ಕೈ ಪಾರ್ಕ್, ಅಂದರೆ ರಾತ್ರಿ ಆಕಾಶದ ಕತ್ತಲನ್ನು ಕಾಪಾಡುವ ಜಾಗ ಅನ್ನೋ ಮಾನ್ಯತೆ ಸಿಕ್ಕಿತು. ಪೂರ್ವಕ್ಕೆ ಬರೀ ನೀರು, ಆ ಕಡೆ ಊರಿನ ದೀಪಗಳಿಲ್ಲ. ಇಲ್ಲಿನ ಕತ್ತಲಿಗೆ ಅದೇ ದೊಡ್ಡ ಕಾರಣ.

ಕಾರು ಟೆಂಟಿನವರೆಗೆ ಹೋಗುವುದಿಲ್ಲ. ಸಾಮಾನು ಬೆನ್ನಿಗೇರಿಸಿ ನಡೆಯಬೇಕು. ಒಂದು ಮೈಲಿ, ಎರಡು ಮೈಲಿ, ಕೆಲವು ಜಾಗಗಳಿಗೆ ಇನ್ನೂ ಜಾಸ್ತಿ. ಹಾಗಾಗಿ ಕುಕ್ಕರ್, ಡಬ್ಬಿ, ದೊಡ್ಡ ಹಾಸಿಗೆ ಎಲ್ಲ ಮನೆಯಲ್ಲೇ ಬಿಡಿ. ಅವಲಕ್ಕಿ, ಚಟ್ನಿಪುಡಿ, ಚಪಾತಿ ಸಾಕು. ಸೌದೆಯನ್ನು ಮನೆಯಿಂದ ತರಬೇಡಿ. ಆಶ್ ಮರಗಳನ್ನು ಕೊಲ್ಲುವ ಒಂದು ಹಸಿರು ದುಂಬಿ ಸೌದೆಯೊಳಗೆ ಕೂತು ಊರೂರು ಸುತ್ತುತ್ತದೆ. ಅದಕ್ಕೇ ಅಲ್ಲಿ ಹತ್ತು ಮೈಲಿಯೊಳಗಿನ ಸೌದೆ, ಇಲ್ಲವೇ ಸರ್ಟಿಫಿಕೇಟ್ ಇರುವ ಸೌದೆ ಮಾತ್ರ ಒಪ್ಪುತ್ತಾರೆ.

[ದೃಶ್ಯ: ಹುಣ್ಣಿಮೆ ಬೆಳಕಿನ ದಂಡೆ.]

ಈಗ ಮುಖ್ಯ ವಿಷಯ. ಮೊದಲ ಸಲ ನಾವು ಹೋದದ್ದು ಹುಣ್ಣಿಮೆಯ ವಾರ. ಶನಿವಾರ ರಜೆ ಸಿಕ್ಕಿತು, ಬುಕ್ ಮಾಡಿದೆವು. ದಂಡೆ ಬೆಳ್ಳಗೆ ಹೊಳೆಯುತ್ತಿತ್ತು, ಚೆಂದವೇ. ಆದರೆ ಆಕಾಶಗಂಗೆ ಕಾಣಲಿಲ್ಲ. ಚಂದ್ರ ಇದ್ದರೆ ಎಂಥಾ ಡಾರ್ಕ್ ಸ್ಕೈ ಪಾರ್ಕ್ ಆದರೂ ಅಷ್ಟೇ. ಎರಡನೇ ಸಲ ಗೋಡೆಯ ಪಂಚಾಂಗದ ಕ್ಯಾಲೆಂಡರ್ ಇಳಿಸಿ, ಆಗಸ್ಟ್ ತಿಂಗಳ ಅಮಾವಾಸ್ಯೆ ಹುಡುಕಿ, ಆಮೇಲೆ ಬುಕ್ ಮಾಡಿದೆವು.

ಕಣ್ಣಿನ ವಿಷಯವೂ ಇದೆ. ಕತ್ತಲಲ್ಲಿ ನೋಡಲು ರೆಟಿನಾದಲ್ಲಿ ರೊಡಾಪ್ಸಿನ್ ಅನ್ನೋ ವಸ್ತು ತುಂಬಿಕೊಳ್ಳಬೇಕು. ಅದಕ್ಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು. ಒಂದು ಸಲ ಫೋನ್ ಬೆಳಕು ಕಣ್ಣಿಗೆ ಬಿತ್ತೋ, ಮತ್ತೆ ಮೊದಲಿಂದ ಶುರು. ಕೆಂಪು ಬೆಳಕು ಅಷ್ಟು ಕೆಡಿಸುವುದಿಲ್ಲ, ಹಾಗಾಗಿ ಟಾರ್ಚ್‌ಗೆ ಕೆಂಪು ಗಾಜುಕಾಗದ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ.

[ದೃಶ್ಯ: ದಕ್ಷಿಣ ದಿಕ್ಕಿನ ಆಕಾಶ, ಸರೋವರದ ಮೇಲೆ.]

ಫೋನ್‌ಗಳನ್ನು ಚೀಲಕ್ಕೆ ಹಾಕಿ ಕಲ್ಲಿನ ಮೇಲೆ ಸುಮ್ನೆ ಮಲಗಿದೆವು. ಕಲ್ಲು ಇನ್ನೂ ಬೆಚ್ಚಗಿತ್ತು. ಹತ್ತು ನಿಮಿಷಕ್ಕೆ ನಕ್ಷತ್ರಗಳು ಜಾಸ್ತಿಯಾದವು. ಅರ್ಧ ಗಂಟೆಗೆ ಮೋಡ ಅಂದುಕೊಂಡಿದ್ದದ್ದು ಮೋಡವಲ್ಲ ಅಂತ ಗೊತ್ತಾಯಿತು. ನೀರಿನ ಅಂಚಿಂದ ನೆತ್ತಿಯವರೆಗೆ ಆಕಾಶಗಂಗೆ, ನಡುವೆ ಕಪ್ಪು ಸೀಳುಗಳು ಬೇರೆ.

ಹಿಂದೆ ತಿರುಗಿದರೆ ಮರಗಳ ಮೇಲೆ ಸಪ್ತರ್ಷಿ ಮಂಡಲ. ಅದರ ಬಾಲದ ನಡುವಿನ ನಕ್ಷತ್ರ ವಸಿಷ್ಠ. ಅದಕ್ಕೆ ಅಂಟಿಕೊಂಡ ಹಾಗೆ ಒಂದು ಸಣ್ಣ ಚುಕ್ಕಿ. ನನ್ನ ಹೆಂಡತಿ ಮೊದಲು ನೋಡಿದಳು. "ಮದುವೆ ದಿನ ಹಗಲಲ್ಲಿ ಕೈ ತೋರಿಸಿದ್ರಲ್ಲ, ಇದೇ ಅಲ್ವಾ?" ಅಂದಳು. ಅದೇ, ಅರುಂಧತಿ. ಊರಿನಲ್ಲೂ ಕಣ್ಣು ಚುರುಕಿದ್ದವರಿಗೆ ಕಾಣುತ್ತಾಳೆ. ನಮಗೆ ಕಂಡದ್ದು ಅಲ್ಲಿ.

[ದೃಶ್ಯ: ಬೆಳಗಿನ ದಂಡೆ, ಮರಳು.]

ಬೆಳಿಗ್ಗೆ ಈಜುವವರಿಗೆ ಒಂದು ಮಾತು. ಮಿಷಿಗನ್ ನೀರು ಬೇಸಿಗೆಯಲ್ಲೂ ಮೈ ಕೊರೆಯುತ್ತದೆ. ಮಕ್ಕಳಿದ್ದರೆ ಪಾರ್ಕ್‌ನ ಉತ್ತರ ಭಾಗದ ಯೂರೋಪ್ ಲೇಕ್‌ಗೆ ಹೋಗಿ. ಚಿಕ್ಕದು, ಆಳ ಕಡಿಮೆ, ನೀರು ಬೇಗ ಬಿಸಿಯಾಗುತ್ತದೆ.

ಜೂನ್, ಜುಲೈನಲ್ಲಿ ರಾತ್ರಿ ಹತ್ತೂವರೆ ದಾಟಿದರೂ ಪೂರ್ತಿ ಕತ್ತಲಾಗುವುದಿಲ್ಲ. ಆಗಸ್ಟ್ ಕೊನೆ, ಸೆಪ್ಟೆಂಬರ್ ಒಳ್ಳೆಯದು, ಸೊಳ್ಳೆಯೂ ಕಡಿಮೆ. ಬುಕಿಂಗ್ ಹನ್ನೊಂದು ತಿಂಗಳು ಮುಂಚೆಯೇ ತೆರೆಯುತ್ತದೆ. ಮುಂದಿನ ವರ್ಷದ ಅಮಾವಾಸ್ಯೆಗಳನ್ನು ಇವತ್ತೇ ಗುರುತು ಹಾಕಿಕೊಳ್ಳಿ.