ಕೊನೆಯ ಕಿಂಡಿಯಲ್ಲಿ ಏನಿಟ್ಟರು?

ಎಲ್ಲರಿಗೂ ನಮಸ್ಕಾರ.

ಮಲೆನಾಡಿನ, ಕರಾವಳಿಯ ಹಳೆಯ ಮನೆಗಳಲ್ಲಿ ಮರದ ಒಳಚಾವಣಿಗೆ ‘ಮುಚ್ಚಿಗೆ’ ಅನ್ನುತ್ತಾರೆ. ನನಗೆ ತುಂಬ ಇಷ್ಟವಾದ ಮಾತು ಅದು. ಮೇಲಿನ ಬಯಲನ್ನು ಮುಚ್ಚುತ್ತದೆ, ಅದಕ್ಕೇ ಮುಚ್ಚಿಗೆ. ಇವತ್ತು ಲೋಕದ ಕೆಲವು ಚೆಂದದ ಚಾವಣಿಗಳ ಬಗ್ಗೆ ಮಾತಾಡಬೇಕು ಅಂದಾಗ ನನಗೆ ಮೊದಲು ಹೊಳೆದದ್ದು ಈ ಮಾತೇ.

ನಾಲ್ಕು ಗೋಡೆ ಎಬ್ಬಿಸುವುದು ಅಷ್ಟೇನೂ ಕಷ್ಟವಲ್ಲ. ಕಲ್ಲಿನ ಮೇಲೆ ಕಲ್ಲು ಇಡುತ್ತಾ ಹೋದರಾಯಿತು. ಕಷ್ಟ ಇರುವುದು ಮೇಲೆ. ಅಲ್ಲಿ ಕಲ್ಲಿನ ಕೆಳಗೆ ಏನೂ ಇಲ್ಲ, ಬರೀ ಗಾಳಿ. ಹಾಗಾಗಿ ಕಟ್ಟುವವನು ಅಂಚಿನಿಂದ ಒಳಗೊಳಗೆ ಬರುತ್ತಾನೆ. ಬಯಲು ಕಿರಿದಾಗುತ್ತಾ ಹೋಗಿ ಕೊನೆಗೆ ನಡುವೆ ಒಂದು ಕಿಂಡಿ ಉಳಿಯುತ್ತದೆ. ಆ ಕಿಂಡಿಯನ್ನು ಏನು ಮಾಡಿದರು? ಬಿಟ್ಟರೋ, ಮುಚ್ಚಿದರೋ, ಮುಚ್ಚಿದರೆ ಏನಿಟ್ಟು ಮುಚ್ಚಿದರು? ನಾನು ಯಾವ ಊರಿಗೆ ಹೋದರೂ ಕತ್ತೆತ್ತಿ ಮೊದಲು ನೋಡುವುದು ಅದನ್ನೇ.

ನಾನು ಬೆಳೆದದ್ದು ಧಾರವಾಡದ ಕಡೆಯ ಹಳ್ಳಿಯ ಮಣ್ಣಿನ ಮಾಳಿಗೆ ಮನೆಯಲ್ಲಿ. ತೊಲೆ, ಅದರ ಮೇಲೆ ಜಂತೆ, ಅದರ ಮೇಲೆ ಮಣ್ಣು. ಅಡುಗೆಮನೆಯ ನಡುವೆ ಮೇಲೊಂದು ಬೆಳಕಿಂಡಿ. ಹೊಗೆ ಹೋಗುವುದೂ ಅಲ್ಲಿಂದ, ಬಿಸಿಲು ಬರುವುದೂ ಅಲ್ಲಿಂದ. ಆ ಬಿಸಿಲಿನ ಚೌಕ ಬೆಳಗ್ಗೆ ಗೋಡೆಯ ಮೇಲೆ ಇರುತ್ತಿತ್ತು, ಆಮೇಲೆ ಮೆಲ್ಲಗೆ ನೆಲಕ್ಕೆ ಇಳಿಯುತ್ತಿತ್ತು. ಅದು ಬೀಸುಕಲ್ಲಿನ ಹತ್ತಿರ ಬಂದರೆ ಊಟದ ಹೊತ್ತು. ಮಳೆ ಬಂದರೆ ಅಜ್ಜಿ ಕೂಗುತ್ತಿದ್ದಳು: “ತಮ್ಮಾ, ಲಗೂನ ಮ್ಯಾಲೆ ಹತ್ತಿ ಬೆಳಕಿಂಡಿ ಮುಚ್ಚೋ!”

ಎಷ್ಟೋ ವರ್ಷಗಳ ನಂತರ ರೋಮ್ ನಗರದ ಪ್ಯಾಂಥಿಯನ್ ಎಂಬ ಪುರಾತನ ಗುಡಿಯ ಒಳಗೆ ನಿಂತಾಗ ನನಗೆ ಆ ಅಡುಗೆಮನೆ ನೆನಪಾಯಿತು. ಆ ಕಟ್ಟಡ ಮುಗಿದದ್ದು ಸುಮಾರು ಕ್ರಿ.ಶ. 125ರಲ್ಲಿ, ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ. ಗುಮ್ಮಟದ ಅಗಲ 43 ಮೀಟರ್‌ಗೂ ಜಾಸ್ತಿ. ಕಬ್ಬಿಣದ ಸರಳು ಹಾಕದ ಕಾಂಕ್ರೀಟ್ ಗುಮ್ಮಟಗಳಲ್ಲಿ ಇವತ್ತಿಗೂ ಇದೇ ಲೋಕದಲ್ಲಿ ದೊಡ್ಡದು. ಒಳಮೈಯಲ್ಲಿ ಐದು ಸುತ್ತು ಚೌಕದ ಗೂಡುಗಳು, ಸುತ್ತಿಗೆ 28ರಂತೆ ಒಟ್ಟು 140. ನೋಡಲು ಅಲಂಕಾರ. ಜೊತೆಗೆ ಅಷ್ಟು ಜಾಗದ ಕಾಂಕ್ರೀಟ್ ಉಳಿಯಿತು, ಭಾರವೂ ಇಳಿಯಿತು. ಮೇಲೆ ಹೋದಂತೆ ಗುಮ್ಮಟ ತೆಳ್ಳಗಾಗುತ್ತದೆ, ಕಾಂಕ್ರೀಟಿಗೆ ಬೆರೆಸಿದ ಕಲ್ಲೂ ಹಗುರವಾಗುತ್ತದೆ. ತುದಿಯಲ್ಲಿ ಹಾಕಿರುವುದು ಜ್ವಾಲಾಮುಖಿಯ ತೂತು ತೂತಿನ ಕಲ್ಲು.

ಆಮೇಲೆ ಕೊನೆಯ ಕಿಂಡಿ. ಅದನ್ನು ಮುಚ್ಚಲೇ ಇಲ್ಲ. ಎಂಟು ಮೀಟರ್‌ಗೂ ಅಗಲವಾದ ದುಂಡನೆಯ ಬಯಲನ್ನು ಹಾಗೇ ಬಿಟ್ಟರು. ಅದರ ಬಾಯಿಯ ಸುತ್ತ ಇರುವ ಬಳೆಯಂಥ ಅಂಚನ್ನು ಗುಮ್ಮಟ ಎಲ್ಲ ಕಡೆಯಿಂದ ಒತ್ತುತ್ತದೆ. ಆ ಒತ್ತಡದಲ್ಲೇ ಅಂಚು ಬಿಗಿಯಾಗಿ ನಿಂತಿದೆ. ಮಳೆ ಬಂದರೆ ನೀರು ನೇರ ಒಳಗೆ ಬೀಳುತ್ತದೆ. ನೆಲವನ್ನು ತುಸು ಉಬ್ಬಿಸಿ, ನೀರು ಇಳಿಯಲು ಸಣ್ಣ ಸಣ್ಣ ತೂತು ಕೊರೆದಿದ್ದಾರೆ. ಬಿಸಿಲಿನ ದೊಡ್ಡ ಬಿಲ್ಲೆಯೊಂದು ದಿನವಿಡೀ ಗೋಡೆಯ ಮೇಲೆ, ನೆಲದ ಮೇಲೆ ನಡೆಯುತ್ತದೆ. ನಾನು ಬಹಳ ಹೊತ್ತು ಅದನ್ನೇ ನೋಡುತ್ತಾ ನಿಂತಿದ್ದೆ. ಅಜ್ಜಿ ಇದ್ದಿದ್ದರೆ ಅದನ್ನು ನೋಡಿ ಹೊತ್ತು ಹೇಳುತ್ತಿದ್ದಳು.

ಈಗ ಕಿಂಡಿ ಮುಚ್ಚಿದವರ ಕಡೆ ಬರೋಣ. ನಿಮ್ಮಲ್ಲಿ ಯಾರ ಹತ್ತಿರವಾದರೂ ಕರ್ಚೀಫ್ ಇದೆಯಾ? ತೊಡೆಯ ಮೇಲೆ ಹರಡಿಕೊಳ್ಳಿ. ನಾಲ್ಕೂ ಮೂಲೆಗಳನ್ನು ನಡುವಿಗೆ ಮಡಚಿ. ಮತ್ತೆ ಒಂದು ಚೌಕ ಸಿಕ್ಕಿತು, ಅಲ್ವಾ? ಆದರೆ ಓರೆಯಾಗಿ ಕೂತಿದೆ, ಮೊದಲಿನದರ ಅರ್ಧ ಇದೆ. ಇನ್ನೊಂದು ಸಲ ಮಡಚಿ. ಈಗ ಕಾಲು ಭಾಗ, ಚೌಕ ಮತ್ತೆ ನೇರವಾಯಿತು.

ನಮ್ಮ ಹೊಯ್ಸಳ ಗುಡಿಗಳ ಚಾವಣಿಯ ಗುಟ್ಟು ಇದೇ. ನಾಲ್ಕು ಕಂಬ, ಮೇಲೆ ನಾಲ್ಕು ತೊಲೆ, ನಡುವೆ ಎಂಟಡಿ ಚದರದ ಬಯಲು ಅಂದುಕೊಳ್ಳಿ. ಎಂಟಡಿ ಉದ್ದದ ಕಲ್ಲುಚಪ್ಪಡಿ ಹಾಕಿ ಮುಚ್ಚಬಹುದು. ಆದರೆ ಕಲ್ಲಿಗೆ ಒಂದು ದೌರ್ಬಲ್ಯ ಇದೆ. ಅದುಮಿದರೆ ಎಷ್ಟು ಬೇಕಾದರೂ ತಾಳುತ್ತದೆ, ಬಾಗಿಸಿದರೆ ತಾಳುವುದಿಲ್ಲ. ಉದ್ದ ಹೆಚ್ಚಾದಷ್ಟೂ ತನ್ನ ಭಾರಕ್ಕೇ ಕೆಳಗಿನಿಂದ ಬಿರುಕು ಬಿಡುತ್ತದೆ. ಹಾಗಾಗಿ ಶಿಲ್ಪಿಗಳು ನಾಲ್ಕು ಮೂಲೆಗೆ ನಾಲ್ಕು ಕಲ್ಲು ಓರೆಯಾಗಿ ಇಟ್ಟರು. 64 ಚದರಡಿ ಬಯಲು 32ಕ್ಕೆ ಇಳಿಯಿತು. ಅದರ ಮೇಲೆ ಮತ್ತೆ ನಾಲ್ಕು, 16. ಮತ್ತೆ ನಾಲ್ಕು, 8. ಇನ್ನೊಂದು ಸುತ್ತಿಗೆ ಬರೀ 4 ಚದರಡಿ. ಎರಡಡಿ ಅಗಲದ ಒಂದು ಕಲ್ಲು ಸಾಕು ಮುಚ್ಚಲು! ಕಮಾನು ಬೇಕಿಲ್ಲ. ಭಾರವೆಲ್ಲ ನೆಟ್ಟಗೆ ಕೆಳಗೆ, ಕಂಬದ ಮೇಲೆ.

ಪ್ರತಿ ಸುತ್ತೂ ಕೆಳಗಿನದಕ್ಕಿಂತ ಒಳಗೆ ಚಾಚಿರುತ್ತದೆ. ಆಗ ಕಲ್ಲಿನ ಅಡಿಮೈ ಕೆಳಗೆ ನಿಂತವರಿಗೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಆ ಅಡಿಮೈಯಲ್ಲಿ ಹೂಬಳ್ಳಿ ಕೆತ್ತಿದರು, ದೇವತೆಗಳನ್ನು ಕೂರಿಸಿದರು. ಚೌಕವನ್ನು ಎಂಟು ಮೂಲೆ ಮಾಡಿದರು, ಎಂಟನ್ನು ದುಂಡಗೆ ಮಾಡಿದರು. ಮುಚ್ಚುವ ಕೆಲಸ ಮುಗಿಸಿ ಆಮೇಲೆ ಅಂಟಿಸಿದ ಅಲಂಕಾರ ಅದಲ್ಲ. ಮುಚ್ಚಿದ ರೀತಿಯೇ ಅಲಂಕಾರವಾಗಿ ಬೆಳೆದದ್ದು. ಹೀಗೆ ಆಳವಾಗಿ ಕೆತ್ತಿದ ಚಾವಣಿಗೆ ನಮ್ಮಲ್ಲಿ ‘ಭುವನೇಶ್ವರಿ’ ಅನ್ನುತ್ತಾರೆ. ಎಷ್ಟು ದೊಡ್ಡ ಹೆಸರು ನೋಡಿ.

ಮತ್ತೆ ಕೊನೆಯ ಕಿಂಡಿ? ಸೋಮನಾಥಪುರಕ್ಕೆ ಹೋಗಿ ನೋಡಿ. 13ನೇ ಶತಮಾನದ ಕೇಶವ ದೇವಾಲಯ. ಮಂಟಪದಲ್ಲಿ 16 ಚಾವಣಿಗಳಿವೆ, ಒಂದರಂತೆ ಇನ್ನೊಂದಿಲ್ಲ. ಕೆಲವದರ ನಡುವೆ ಬಾಳೆಹೂವು ತಲೆಕೆಳಗಾಗಿ ಇಳಿಬಿದ್ದಿದೆ. ತೋಟದಲ್ಲಿ ಬಾಳೆಗಿಡ ಕಂಡವರಿಗೆ ಯಾರೂ ಹೇಳಬೇಕಾಗಿಲ್ಲ. ಒಂದೊಂದು ಪದರ ತೆರೆದುಕೊಂಡಿರುವ ಮೂತಿ, ಅದೇ ಬಾಗು. ಅಷ್ಟು ಭಾರದ ಕಲ್ಲು ಬೀಳದೆ ಹೇಗೆ ನೇತಾಡುತ್ತದೆ ಅಂತ ಮಕ್ಕಳು ಕೇಳುತ್ತಾರೆ. ಸರಿಯಾದ ಪ್ರಶ್ನೆ. ಹೂವು ಮುಚ್ಚಳದ ಕಲ್ಲಿನದೇ ಭಾಗ. ಮುಚ್ಚಳದ ಅಂಚು ಸುತ್ತಿನ ಕಲ್ಲುಗಳ ಮೇಲೆ ಕೂತಿರುತ್ತದೆ. ಮಡಕೆಯ ಬಾಯಿಗೆ ಮುಚ್ಚಳ ಕೂತ ಹಾಗೆ. ಇದೆಲ್ಲ ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುತ್ತದೆ. ಆ ಮೆದುತನ ಇಲ್ಲದೆ ಇಷ್ಟು ನವುರು ಕೆತ್ತನೆ ಆಗುತ್ತಿರಲಿಲ್ಲ.

ಈ ಗುಡಿಯ ಹೊರಗೋಡೆಯ ಮೂರ್ತಿಗಳ ಕೆಳಗೆ ಮಲ್ಲಿತಮ್ಮ ಎಂಬ ಶಿಲ್ಪಿಯ ಹೆಸರು ಹಲವು ಕಡೆ ಸಿಗುತ್ತದೆ. ಅವನ ಹೆಸರು ಓದಿದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಸೋಮನಾಥಪುರವೂ ಯುನೆಸ್ಕೋ ಪಟ್ಟಿಗೆ ಸೇರಿತು. ಈಗ ಜನ ಜಾಸ್ತಿ ಬರುತ್ತಾರೆ. ಹೋಗುವಾಗ ಒಂದು ಒಳ್ಳೆ ಟಾರ್ಚ್ ಒಯ್ಯಿರಿ. ಒಳಗೆ ಕತ್ತಲು. ಹೊರಗೋಡೆಯ ಆನೆ ಕುದುರೆ ನೋಡಿ, ಒಳಗೆ ಕೈಮುಗಿದು, ಮೇಲೆ ನೋಡದೆ ಹೊರಟುಹೋಗುವವರನ್ನು ಕಂಡರೆ ಹೊಟ್ಟೆ ಚುರ್ ಅನ್ನುತ್ತದೆ.

ಈ ಓರೆ ಚೌಕ ನಮ್ಮಲ್ಲಿ ಮಾತ್ರ ಇದೆ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಶ್ರೀನಗರದ ಪಾಂಡ್ರೇಥಾನ್ ಎಂಬಲ್ಲಿ ಪುಟ್ಟ ಕಲ್ಲಿನ ಗುಡಿ ಇದೆ, ಅಲ್ಲೂ ಇದೇ ಚಾವಣಿ. ಇನ್ನೂ ಉತ್ತರಕ್ಕೆ, ತಜಿಕಿಸ್ತಾನದ ಪಾಮಿರ್ ಬೆಟ್ಟಗಳಿಗೆ ಹೋದರೆ ಜನ ವಾಸಿಸುವ ಮನೆಗಳಲ್ಲೇ ಇದೆ. ಅಲ್ಲಿ ಮರದ ತೊಲೆಗಳು. ಉದ್ದನೆಯ ಮರ ಸಿಗುವುದು ಕಷ್ಟದ ನಾಡು ಅದು, ಗಿಡ್ಡ ತುಂಡುಗಳಲ್ಲೇ ಮುಚ್ಚಬೇಕು. ಮೂಲೆಗೆ ಓರೆಯಾಗಿ ಇಟ್ಟು, ಒಂದರ ಮೇಲೊಂದು ನಾಲ್ಕು ಚೌಕ. ಅದಕ್ಕೆ ಚೋರ್‌ಖೋನಾ ಅನ್ನುತ್ತಾರೆ. ನಾಲ್ಕು ಚೌಕಗಳು ಮಣ್ಣು, ನೀರು, ಗಾಳಿ, ಬೆಂಕಿ ಎಂದು ಮನೆಯವರು ಹೇಳುತ್ತಾರೆ. ಕೊನೆಯ ಕಿಂಡಿಯನ್ನು ಬೆಳಕಿಗೆ, ಹೊಗೆಗೆ ಬಿಟ್ಟಿರುತ್ತಾರೆ. ಮೇಲೆ ಮಣ್ಣಿನ ಮಾಳಿಗೆ. ಆ ಚಿತ್ರ ಮೊದಲ ಸಲ ನೋಡಿದಾಗ ನಮ್ಮನೆ ಅಡುಗೆಮನೆಯೇ ಎದುರಿಗೆ ಬಂದಂತಾಯಿತು.

ಅಫ್ಘಾನಿಸ್ತಾನದ ಬಾಮಿಯಾನ್ ಬೆಟ್ಟದಲ್ಲಿ ಗುಹೆಗಳಿವೆ. 2001ರಲ್ಲಿ ಎರಡು ದೊಡ್ಡ ಬುದ್ಧರನ್ನು ಸಿಡಿಸಿದರಲ್ಲ, ಅದೇ ಬೆಟ್ಟ. ಅಲ್ಲಿನ ಕೆಲವು ಗುಹೆಗಳ ಚಾವಣಿಯಲ್ಲೂ ಈ ಓರೆ ಚೌಕ ಕೆತ್ತಿದ್ದಾರೆ. ಯೋಚನೆ ಮಾಡಿ. ಗುಹೆ ಅಂದರೆ ಬಂಡೆಯನ್ನು ಕೊರೆದದ್ದು. ಅಲ್ಲಿ ಮುಚ್ಚಬೇಕಾದ ಬಯಲೇ ಇಲ್ಲ, ತೊಲೆಯ ಅಗತ್ಯವೇ ಇಲ್ಲ. ಆದರೂ ಇಡೀ ಬಂಡೆಯಲ್ಲಿ ತೊಲೆಗಳನ್ನು ಕೆತ್ತಿದರು. ಮನೆ ಅಂದರೆ ಹೀಗೇ ಇರಬೇಕು ಅಂತ ಅವರಿಗೆ ಅನ್ನಿಸಿರಬೇಕು.

ಚೀನಾದಲ್ಲಿ ನಡುವಿನ ಈ ಅಲಂಕಾರದ ಗುಂಡಿಗೆ ‘ಝಾವೋಜಿಂಗ್’ ಅನ್ನುತ್ತಾರೆ. ನೀರಗಿಡಗಳ ಬಾವಿ ಅಂತ ಅರ್ಥ. ಚಾವಣಿಗೆ ಬಾವಿ ಅನ್ನುವ ಹೆಸರು ಯಾಕೆ? ಕಟ್ಟಡವೆಲ್ಲ ಮರದ್ದು, ಬೆಂಕಿಯ ಭಯ. ತಲೆಯ ಮೇಲೆ ಕಮಲ, ನೀರಗಿಡ ಬರೆದು ಬಾವಿ ಅಂತ ಕರೆದರೆ ಬೆಂಕಿ ಹತ್ತಿರ ಬರುವುದಿಲ್ಲ ಎಂಬ ನಂಬಿಕೆ. ಬೀಜಿಂಗ್ ಅರಮನೆಯ ಸಿಂಹಾಸನದ ದೊಡ್ಡ ಭವನದಲ್ಲಿ ಆ ಬಾವಿಯೊಳಗೆ ಚಿನ್ನದ ಬಣ್ಣದ ಡ್ರ್ಯಾಗನ್ ಸುರುಳಿ ಸುತ್ತಿ ಮಲಗಿದೆ, ಬಾಯಿಂದ ಹೊಳೆಯುವ ಗುಂಡೊಂದು ಇಳಿಬಿದ್ದಿದೆ. ಆ ಭವನ ಹಲವು ಸಲ ಸುಟ್ಟಿದೆ. ಈಗ ಇರುವುದು 1690ರ ದಶಕದಲ್ಲಿ ಮತ್ತೆ ಕಟ್ಟಿದ್ದು. ಆಗಲೂ ಕೊನೆಯ ಕಿಂಡಿಯಲ್ಲಿ ಬಾವಿಯನ್ನು ಇಟ್ಟರು.

ಬೆಂಕಿ ಅಂದಾಗ ಮೈಸೂರು ನೆನಪಾಗದೆ ಇರುತ್ತದೆಯೇ. 1897ರಲ್ಲಿ ರಾಜಕುಮಾರಿಯ ಮದುವೆಯ ಸಮಯದಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋಯಿತು. ಹೊಸದು 1912ರಲ್ಲಿ ಮುಗಿಯಿತು. ಎಂಟು ಮೂಲೆಯ ಕಲ್ಯಾಣ ಮಂಟಪದಲ್ಲಿ ಎರಕದ ಕಬ್ಬಿಣದ ಕಂಬಗಳು, ಮೇಲೆ ಬಣ್ಣದ ಗಾಜು. ಗ್ಲಾಸ್ಗೋ ನಗರದಲ್ಲಿ ಮಾಡಿಸಿ ತಂದದ್ದು. ಗಾಜಿನಲ್ಲಿ ನವಿಲುಗಳು ಗರಿ ಹರಡಿವೆ. ಕಿಂಡಿ ಮುಚ್ಚಿತು, ಬೆಳಕೂ ನಿಲ್ಲಲಿಲ್ಲ. ಮಳೆ ಬಂದರೆ ಯಾರೂ ಮೇಲೆ ಹತ್ತಬೇಕಾಗಿಲ್ಲ.

ಇಷ್ಟು ಹೊತ್ತಾದರೂ ಮೈಕೆಲೆಂಜೆಲೊ ಹೆಸರು ಬರಲಿಲ್ಲ ಅಂತ ಕೆಲವರು ಕಾಯುತ್ತಿರಬಹುದು. ವ್ಯಾಟಿಕನ್‌ನ ಸಿಸ್ಟೀನ್ ಚಾಪೆಲ್‌ನಲ್ಲಿ ಅವನಿಗೆ ಸಿಕ್ಕದ್ದು ಬೇರೆಯೇ ಕೆಲಸ. ಅಲ್ಲಿ ಬಯಲನ್ನು ಕಮಾನು ಆಗಲೇ ಮುಚ್ಚಿತ್ತು. ಉದ್ದ ಸುಮಾರು 40 ಮೀಟರ್, ಅಗಲ 13. ನೀಲಿ ಬಳಿದು ಚಿನ್ನದ ಚುಕ್ಕಿ ಇಟ್ಟಿದ್ದರು. 1508ರಿಂದ 1512ರವರೆಗೆ ಅವನು ಅದರ ಮೇಲೆ ಬರೆದ. ಅವನು ಶಿಲ್ಪಿ. ಅದಕ್ಕೇ ಇರಬೇಕು, ಮೊದಲು ಬಣ್ಣದಲ್ಲೇ ಕಲ್ಲಿನ ತೊಲೆಗಳನ್ನು ಎಳೆದ. ನಿಜವಾಗಿ ಇಲ್ಲದ ತೊಲೆಗಳು. ಅವುಗಳ ನಡುವೆ ಒಂಬತ್ತು ಅಂಕಣ ಮಾಡಿ ಬೈಬಲಿನ ಒಂಬತ್ತು ದೃಶ್ಯ ಬರೆದ.

ಮಲಗಿಕೊಂಡು ಬರೆದ ಅಂತ ತುಂಬ ಜನ ಹೇಳುತ್ತಾರೆ. ಇಲ್ಲ, ನಿಂತು ಬರೆದ, ಕತ್ತು ಹಿಂದಕ್ಕೆ ಬಾಗಿಸಿ. ಗೆಳೆಯನಿಗೆ ಬರೆದ ಪದ್ಯವೊಂದರ ಪಕ್ಕದಲ್ಲಿ ಹಾಗೆ ನಿಂತ ತನ್ನ ಚಿತ್ರವನ್ನೂ ಗೀಚಿದ್ದಾನೆ. ಹಸಿ ಗಾರೆ ಒಣಗುವ ಮೊದಲೇ ಬಣ್ಣ ಹಾಕಬೇಕು. ಹಾಗಾಗಿ ಒಂದು ದಿನಕ್ಕೆ ಎಷ್ಟು ಬರೆಯಬಹುದೋ ಅಷ್ಟೇ ಗಾರೆ ಬಳಿಯುವುದು. ಶುರುವಿನಲ್ಲಿ ಬರೆದ ಪ್ರಳಯದ ದೃಶ್ಯದಲ್ಲಿ ಪುಟ್ಟ ಪುಟ್ಟ ಮನುಷ್ಯರು ಕಿಕ್ಕಿರಿದಿದ್ದಾರೆ. ಕೆಳಗಿನಿಂದ ಸರಿಯಾಗಿ ಕಾಣುವುದಿಲ್ಲ. ಮುಂದೆ ಹೋದಂತೆ ಜನ ಕಡಿಮೆಯಾಗಿ ಆಕಾರ ದೊಡ್ಡದಾಗುತ್ತದೆ. ಕೆಲಸ ಮಾಡುತ್ತಾ ಮಾಡುತ್ತಾ ಕಲಿತದ್ದು ಆ ಚಾವಣಿಯಲ್ಲೇ ಉಳಿದಿದೆ. ನನಗೆ ಅದು ದೇವರು ಮತ್ತು ಮೊದಲ ಮನುಷ್ಯ ಆಡಮ್ ಬೆರಳಿಗೆ ಬೆರಳು ಚಾಚಿದ ಆ ಹೆಸರಾದ ದೃಶ್ಯಕ್ಕಿಂತ ಹೆಚ್ಚು ಮುಟ್ಟುತ್ತದೆ.

ಆ ಬೆರಳುಗಳು ಇರುವುದು ಚಾವಣಿಯ ನಟ್ಟನಡುವೆ ಅಂತ ನಾನು ಅಂದುಕೊಂಡಿದ್ದೆ. ಎಣಿಸಿ ನೋಡಿದರೆ ಅಲ್ಲ. ಒಂಬತ್ತರಲ್ಲಿ ಐದನೆಯದು ಈವ್ ಹುಟ್ಟುವ ದೃಶ್ಯ. ಮಲಗಿದ ಆಡಮ್‌ನ ಮಗ್ಗುಲಿನಿಂದ ಒಬ್ಬ ಹೆಣ್ಣು ಕೈಮುಗಿದು ಎದ್ದುಬರುತ್ತಿದ್ದಾಳೆ.

ಕೊನೆಯದಾಗಿ ಎರಡು ಚಿತ್ರ ತೋರಿಸುತ್ತೇನೆ. ಲೈಟ್ ಸ್ವಲ್ಪ ಕಡಿಮೆ ಮಾಡ್ತೀರಾ?

ಇದು ಚೀನಾದ ದುನ್‌ಹುವಾಂಗ್ ಬಳಿಯ ಮೊಗಾವೊ ಗುಹೆಗಳಲ್ಲಿ 407ನೆಯದು. ಸುಯಿ ರಾಜಮನೆತನದ ಕಾಲ, ಅಂದರೆ 581ರಿಂದ 618ರ ನಡುವೆ. ಸರಿಸುಮಾರು ನಮ್ಮ ಬಾದಾಮಿ ಚಾಲುಕ್ಯರು ಗುಹೆ ಕೊರೆಯುತ್ತಿದ್ದ ಕಾಲ. ಸುತ್ತ ಅಪ್ಸರೆಯರು ಹಾರುತ್ತಿದ್ದಾರೆ. ನಡುವೆ ಕಮಲ, ಕಮಲದೊಳಗೆ ಮೂರು ಮೊಲ. ಒಂದನ್ನೊಂದು ಅಟ್ಟಿಸಿಕೊಂಡು ದುಂಡಗೆ ಓಡುತ್ತಿವೆ. ಪ್ರತಿ ಮೊಲಕ್ಕೂ ಎರಡು ಕಿವಿ ಕಾಣುತ್ತದೆ. ಆದರೆ ಎಲ್ಲ ಕಿವಿ ಎಣಿಸಿ ನೋಡಿ. ಒಟ್ಟು ಮೂರೇ.

ಎರಡನೆಯದು ಇಂಗ್ಲೆಂಡಿನ ಡೆವನ್ ಸೀಮೆಯ ವಿಡಿಕಂ ಹಳ್ಳಿಯ ಚರ್ಚು. ಮರದ ಚಾವಣಿ. ಪಟ್ಟಿಗಳು ಸೇರುವ ಜಾಗದಲ್ಲಿ ಸಂದು ಕಾಣದ ಹಾಗೆ ಒಂದೊಂದು ಕೆತ್ತಿದ ಬಿಲ್ಲೆ ಹೊಡೆದು ಮುಚ್ಚುತ್ತಿದ್ದರು. ಮೊಗಾವೊ ಗುಹೆಯಾಗಿ ನೂರಾರು ವರ್ಷಗಳ ಮೇಲೆ ಕೆತ್ತಿದ್ದು. ಆ ಮೊಲಗಳು ರೇಷ್ಮೆ ದಾರಿಯಲ್ಲಿ ಬಟ್ಟೆಯ ಮೇಲಿನ ಚಿತ್ರವಾಗಿ ಪಶ್ಚಿಮಕ್ಕೆ ಬಂದಿರಬಹುದು ಎನ್ನುವವರಿದ್ದಾರೆ. ಆ ಬಡಗಿ ದುನ್‌ಹುವಾಂಗ್ ಹೆಸರನ್ನೇ ಕೇಳಿರಲಿಕ್ಕಿಲ್ಲ. ತನ್ನ ಮುಂದಿದ್ದ ಆ ಪುಟ್ಟ ಸಂದನ್ನು ಮುಚ್ಚಲು ಅವನು ಕೆತ್ತಿದ್ದು ಇದನ್ನು.

ಹಿಂದಿನ ಸಾಲಿನವರಿಗೂ ಕಾಣುತ್ತಿದೆಯಾ? ಇದರಲ್ಲೂ ಕಿವಿ ಎಣಿಸಿ.