ಮೂತ್ರಕೋಶ ನೋಡಿದ್ದಾಯಿತು, ಈಗ ಮನೆ ನೋಡಿ

ಎಲ್ಲರಿಗೂ ನಮಸ್ಕಾರ.

ನನಗಿಂತ ಮೊದಲು ಮಾತಾಡಿದವರು ಬೆಕ್ಕಿನ ಮೂತ್ರಕೋಶದ ಕಲ್ಲು, ಹರಳುಗಳ ಬಗ್ಗೆ ಚೆನ್ನಾಗಿ ಹೇಳಿದ್ದಾರೆ. ಅದನ್ನು ಮತ್ತೆ ಎತ್ತುವುದಿಲ್ಲ. ಇಲ್ಲಿ ಕೂತವರಲ್ಲಿ ಬಹಳ ಜನ ಬೆಕ್ಕು ಉಚ್ಚೆಗೆ ಒದ್ದಾಡುವುದನ್ನು ಕಣ್ಣಾರೆ ನೋಡಿದ್ದೀರಿ. ಮತ್ತೆ ಮತ್ತೆ ಲಿಟರ್ ಬಾಕ್ಸಿಗೆ, ಅಂದರೆ ಅದರ ಮಲಮೂತ್ರದ ಪೆಟ್ಟಿಗೆಗೆ ಹೋಗುತ್ತದೆ, ಎರಡು ಹನಿ ಬರುತ್ತದೆ, ಅದರಲ್ಲೂ ರಕ್ತ. ಕೊನೆಗೆ ನಿಮ್ಮ ಹಾಸಿಗೆ ಮೇಲೆ ಮಾಡುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಸಮಯ ಸಿಗದೇ ಹೋಗಬಹುದು. ಗಂಡು ಬೆಕ್ಕು ತಿಣುಕುತ್ತಿದೆ, ಉಚ್ಚೆ ಬರುತ್ತಲೇ ಇಲ್ಲ ಅಂದರೆ ಬೆಳಗಾಗಲಿ ಅಂತ ಕಾಯಬೇಡಿ. ಗಂಡಿನ ಮೂತ್ರನಾಳ ತುಂಬಾ ಸಣ್ಣದು, ಕಟ್ಟಿಕೊಳ್ಳುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು. ಒಂದೆರಡು ದಿನದಲ್ಲೇ ಜೀವ ಹೋಗಬಹುದು. ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ. ನಾನು ಈಗ ಹೇಳುವ ಯಾವುದೂ ಆ ಹೊತ್ತಿಗೆ ಔಷಧಿಯಲ್ಲ.

ಸರಿ, ವಿಷಯಕ್ಕೆ ಬರೋಣ. ಇಂಥ ಬೆಕ್ಕುಗಳಿಗೆ ಮೂತ್ರ ಪರೀಕ್ಷೆ, ಎಕ್ಸ್‌ರೇ, ಸ್ಕ್ಯಾನ್ ಎಲ್ಲ ಮಾಡಿಸುತ್ತೇವೆ. ಮಾಡಿಸಲೇಬೇಕು. ಆದರೆ ವಯಸ್ಸಾಗದ ಬೆಕ್ಕುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸಲ ಕಲ್ಲೂ ಸಿಗುವುದಿಲ್ಲ, ಸೋಂಕೂ ಸಿಗುವುದಿಲ್ಲ. ಮೂತ್ರಕೋಶ ಮಾತ್ರ ಊದಿಕೊಂಡು ಕೆಂಪಾಗಿರುತ್ತದೆ. ಇದಕ್ಕೆ ನಾವು ಇಡಿಯೋಪಥಿಕ್ ಸಿಸ್ಟೈಟಿಸ್, ಅಂದರೆ ಕಾರಣ ಗೊತ್ತಾಗದ ಮೂತ್ರಕೋಶದ ಉರಿಯೂತ ಅನ್ನುತ್ತೇವೆ. ಹೆಚ್ಚಿನ ಸಲ ಇದು ಒಂದು ವಾರದೊಳಗೆ ತಾನಾಗಿಯೇ ಇಳಿಯುತ್ತದೆ. ಹಾಗಾಗಿಯೇ ಆ ವಾರ ಏನು ಕೊಟ್ಟಿದ್ದರೂ ಗುಣಪಡಿಸಿದ ಹೆಸರು ಅದಕ್ಕೆ ಬಂದುಬಿಡುತ್ತದೆ. ಆ್ಯಂಟಿಬಯೋಟಿಕ್ ಕೊಟ್ಟಿದ್ದರೆ ಆ್ಯಂಟಿಬಯೋಟಿಕ್‌ಗೆ. ಎರಡು ತಿಂಗಳಿಗೆ ಮತ್ತೆ ಬರುತ್ತದೆ, ಮತ್ತೆ ಅದೇ ಮಾತ್ರೆ. ಮನೆಯನ್ನು ಮಾತ್ರ ಯಾರೂ ನೋಡಿರುವುದಿಲ್ಲ. ನಾನು ಇವತ್ತು ಹೇಳಲು ಬಂದಿರುವುದು ಇಷ್ಟೇ: ಮೂತ್ರಕೋಶ ನೋಡಿದ್ದಾಯಿತು, ಈಗ ಮನೆ ನೋಡಿ.

ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಟೋನಿ ಬಫಿಂಗ್‌ಟನ್ ಮತ್ತು ಅವರ ಜೊತೆಗಾರರು ಈ ರೋಗದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. 2011ರಲ್ಲಿ ಪ್ರಕಟವಾದ ಅವರ ಒಂದು ಅಧ್ಯಯನ ನನಗೆ ತುಂಬಾ ಮುಖ್ಯ. ಒಟ್ಟು 32 ಬೆಕ್ಕುಗಳು. 20ಕ್ಕೆ ಈ ರೋಗ ಇತ್ತು, 12 ಆರೋಗ್ಯವಾಗಿದ್ದವು. ನೋಡಿಕೊಳ್ಳುವವರು ಬದಲಾದಾಗ, ಊಟದ ಹೊತ್ತು ತಪ್ಪಿದಾಗ, ಹೀಗೆ ದಿನದ ಕ್ರಮ ಕೆಟ್ಟ ವಾರಗಳಲ್ಲಿ ರೋಗ ಇದ್ದವೂ ಊಟ ಬಿಟ್ಟವು, ಬಾಕ್ಸಿನ ಹೊರಗೆ ಮಾಡಿದವು. ಆರೋಗ್ಯವಾಗಿದ್ದವೂ ಅದನ್ನೇ ಮಾಡಿದವು! ಬರೀ ಊಟದ ಹೊತ್ತು ಏರುಪೇರಾದರೂ ಬೆಕ್ಕಿನ ಮೈಗೆ ಅದು ಸಣ್ಣ ವಿಷಯ ಅಲ್ಲ, ಒತ್ತಡವೇ. ಈ ರೋಗ ಇರುವ ಬೆಕ್ಕಿನ ಒಳಗೆ ನರಮಂಡಲ ಕೆರಳಿಯೇ ಇರುತ್ತದೆ, ಮೂತ್ರಕೋಶದ ಒಳಪದರ ಸಡಿಲವಾಗುತ್ತದೆ, ಗಟ್ಟಿ ಮೂತ್ರ ತಗುಲಿ ಉರಿಯುತ್ತದೆ. ಆ ಉರಿಯೇ ಇನ್ನೊಂದು ಒತ್ತಡ.

ಒಂದು ಮನೆಯ ಕಥೆ ಹೇಳುತ್ತೇನೆ. ಸ್ವಲ್ಪ ಉದ್ದ, ಆದರೆ ಪೂರ್ತಿ ಕೇಳಿ. ಗಂಡ, ಹೆಂಡತಿ, ಎರಡು ಗಂಡು ಬೆಕ್ಕು, ಎರಡಕ್ಕೂ ಮರಿಯಾಗದ ಹಾಗೆ ಆಪರೇಷನ್ ಆಗಿದೆ. ಚಿಕ್ಕದಕ್ಕೆ ಪದೇ ಪದೇ ಈ ಕಾಟ. "ಇಬ್ಬರೂ ಒಂದು ದಿನವೂ ಜಗಳ ಆಡಿಲ್ಲ ಡಾಕ್ಟ್ರೇ" ಅಂದರು ಆಕೆ. ನಂಬಿದೆ, ಏಕೆಂದರೆ ಅದು ನಿಜವೇ. ಆದರೂ ಒಂದು ರಾತ್ರಿ ಪ್ಯಾಸೇಜಿನಲ್ಲಿ ಫೋನ್ ಇಟ್ಟು ವಿಡಿಯೋ ಮಾಡಿ ಅಂದೆ.

ವಿಡಿಯೋದಲ್ಲಿ ಏನೂ ಇಲ್ಲ ಅಂತ ಬೇಸರದಿಂದಲೇ ತಂದರು. ಜೊತೆಗೆ ಕೂತು ನೋಡಿದೆವು. ದೊಡ್ಡದು ಬಚ್ಚಲಿನ ಬಾಗಿಲಿಗೆ ಅಡ್ಡ ಮಲಗಿದೆ. ಕಣ್ಣು ಅರ್ಧ ಮುಚ್ಚಿದೆ. ಚಿಕ್ಕದು ಬರುತ್ತದೆ, ನಿಲ್ಲುತ್ತದೆ. ದೊಡ್ಡದು ಬಾಲದ ತುದಿ ಒಮ್ಮೆ ಆಡಿಸುತ್ತದೆ. ಅಷ್ಟೇ. ಚಿಕ್ಕದು ಕೂತು ಪಾದ ನೆಕ್ಕುತ್ತದೆ, ಎದ್ದು ವಾಪಸ್ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತದೆ. ಮತ್ತೆ ವಾಪಸ್. "ದೊಡ್ಡವನು ಸುಮ್ನೆ ಮಲಗಿದಾನಲ್ವಾ?" ಅಂತ ಆಕೆ ಕೇಳಿದರು. ಸುಮ್ನೆ ಮಲಗಿಲ್ಲ ತಾಯಿ, ದಾರಿ ಕಾಯ್ತಿದಾನೆ! ಲಿಟರ್ ಬಾಕ್ಸ್ ಇರುವುದು ಅವನ ಬೆನ್ನ ಹಿಂದೆ. ಚಿಕ್ಕವನು ರಾತ್ರಿಯೆಲ್ಲ ಉಚ್ಚೆ ಹಿಡಿದುಕೊಂಡಿದಾನೆ. ಬೆಕ್ಕುಗಳ ಜಗಳಕ್ಕೆ ಉಗುರು, ಕೂಗು ಬೇಕಿಲ್ಲ. ದಿಟ್ಟಿಸಿ ನೋಡುವುದು, ದಾರಿಗೆ ಅಡ್ಡ ಮಲಗುವುದು, ಇಷ್ಟರಲ್ಲೇ ಎಲ್ಲ ಮುಗಿಯುತ್ತದೆ.

ಗಂಡ ಓದಿಕೊಂಡವರು. "ಬೆಕ್ಕು ಎಷ್ಟೋ ಅದಕ್ಕೊಂದು ಜಾಸ್ತಿ ಬಾಕ್ಸ್ ಇಡಬೇಕು ಅಂತಾರಲ್ಲ, ಮೂರು ಇಟ್ಟಿದ್ದೀವಿ" ಅಂದರು. ಮೂರೂ ಬಚ್ಚಲಲ್ಲಿ, ಸಾಲಾಗಿ. ಒಂದು ಬಾಗಿಲಿನ ಹಿಂದೆ ಮೂರಿದ್ದರೂ ಬೆಕ್ಕಿನ ಲೆಕ್ಕಕ್ಕೆ ಅದು ಒಂದೇ. ಒಂದನ್ನು ಮಲಗುವ ಕೋಣೆಗೆ ತಂದರು, ಇನ್ನೊಂದನ್ನು ಎರಡು ಕಡೆಯಿಂದ ದಾರಿ ಇರುವ ಮೂಲೆಗೆ. ಊಟದ ಬಟ್ಟಲುಗಳನ್ನೂ ಒಂದಕ್ಕೊಂದು ಕಾಣದ ಹಾಗೆ ಬೇರೆ ಮಾಡಿದರು. ಕಾಟ ಬಹಳ ಕಡಿಮೆಯಾಯಿತು. ಪೂರ್ತಿ ಹೋಯಿತು ಅಂತ ಹೇಳಲಾರೆ. ಮನೆಗೆ ಪೇಂಟ್ ಮಾಡಿಸಿದಾಗ ಒಂದು ಸಲ ಬಂತು. ನಮ್ಮ ಕಣ್ಣಿಗೆ ಮನೆ ಚೆಂದವಾಯಿತು, ಚಿಕ್ಕವನ ಮೂಗಿಗೆ ಅವನ ಮನೆಯೇ ಕಾಣೆಯಾಯಿತು!

ಬಾಕ್ಸಿನ ಮಾತು ಮುಗಿಸುತ್ತೇನೆ. ಅದು ಬೆಕ್ಕಿನ ಉದ್ದದ ಒಂದೂವರೆ ಪಟ್ಟಾದರೂ ಇರಲಿ. ಬಾಕ್ಸಿಗೆ ಹಾಕುವ ಹರಳು, ಅಂದರೆ ಲಿಟರ್, ಸುವಾಸನೆಯದು ಬೇಡ, ಆ ವಾಸನೆ ಇಷ್ಟವಾಗುವುದು ನಮಗೆ. ಹೊಲಸನ್ನು ದಿನಾ ತೆಗೆಯಿರಿ. ವಾಷಿಂಗ್ ಮಷಿನ್ ಪಕ್ಕ ಇಡಬೇಡಿ. ಒಳಗೆ ಕೂತಾಗಲೇ ಅದು ಗಡಗಡ ಅಂದರೆ ಬೆಕ್ಕು ಮತ್ತೆ ಆ ಕಡೆ ಬರಲು ಹೆದರುತ್ತದೆ.

ಮತ್ತೆ ದಯವಿಟ್ಟು, ಹಾಸಿಗೆ ಮೇಲೆ ಮಾಡಿತು ಅಂತ ಗದರಬೇಡಿ. ಮೂತಿ ಹಿಡಿದು ತೋರಿಸುವವರನ್ನು ನೋಡಿದ್ದೇನೆ. ನೋವಿರುವ ಪ್ರಾಣಿ ಅದು. ಸೇಡಿಗೆ ಮಾಡಿದ್ದಲ್ಲ. ಬಾಕ್ಸಿನಲ್ಲಿ ಉರಿಯಿತು, ಮೆತ್ತಗಿನ ಜಾಗ ಹುಡುಕಿಕೊಂಡು ಬಂತು. ನೀವು ಕೂಗಾಡಿದರೆ ಒತ್ತಡ ಇನ್ನೂ ಏರುತ್ತದೆ. ಕೂಗುವ ಮೊದಲು ಮನೆ ನೋಡಿ.

ಚೀಟಿ ಬಂತು, ಐದು ನಿಮಿಷ ಅಂತೆ. ಬೇಗ ಬೇಗ ಹೇಳುತ್ತೇನೆ.

ನೀರು. ಡ್ರೈ ಫುಡ್‌ನಲ್ಲಿ ನೀರಿನ ಅಂಶ ಸುಮಾರು 10 ಶೇಕಡಾ, ವೆಟ್ ಫುಡ್‌ನಲ್ಲಿ 70ರಿಂದ 80. ಮೂತ್ರ ತೆಳ್ಳಗಾದಷ್ಟೂ ಉರಿ ಕಡಿಮೆ. ಆದರೆ ರಾತ್ರೋರಾತ್ರಿ ಬದಲಿಸಬೇಡಿ. ಹಳೆಯದರ ಜೊತೆ ಹೊಸದನ್ನೂ ಇಡಿ, ನಿಧಾನಕ್ಕೆ ಹೊರಳಿಸಿ. ಹಸಿದರೆ ತಾನಾಗಿಯೇ ತಿನ್ನುತ್ತೆ ಅನ್ನುವ ಹಟ ಬೆಕ್ಕಿನ ಹತ್ತಿರ ಬೇಡ. ಕೆಲವು ದಿನ ಊಟ ಬಿಟ್ಟರೆ ಲಿವರ್‌ನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೆ ಬರುತ್ತದೆ, ದಪ್ಪ ಬೆಕ್ಕಿಗಂತೂ ಇನ್ನೂ ಅಪಾಯ.

ಅಡಗಲು ಒಂದು ರಟ್ಟಿನ ಪೆಟ್ಟಿಗೆ, ಹತ್ತಿ ಕೂರಲು ಒಂದು ಎತ್ತರದ ಜಾಗ. ಅಲ್ಲಿದ್ದಾಗ ಮಕ್ಕಳು ಎಳೆಯಬಾರದು. ಕಿಟಕಿಯಾಚೆ ಬೇರೆ ಬೆಕ್ಕು ಬಂದು ಕೂರುತ್ತಿದ್ದರೆ ಗಾಜಿನ ಕೆಳಭಾಗಕ್ಕೆ ಕಾಗದ ಅಂಟಿಸಿ. ದಿನಾ ಒಂದೇ ಹೊತ್ತಿಗೆ ಸ್ವಲ್ಪ ಆಟ, ಆಟದ ಕೊನೆಗೆ ಊಟ. ಫೆರೊಮೋನ್ ಡಿಫ್ಯೂಸರ್, ಅಂದರೆ ಬೆಕ್ಕಿಗೆ ಸಮಾಧಾನ ಕೊಡಲೆಂದು ವಾಸನೆ ಬಿಡುವ ಸಾಧನದ ಬಗ್ಗೆ ಕೇಳುತ್ತೀರಿ, ಗೊತ್ತು. ಇಟ್ಟುಕೊಳ್ಳಿ, ಕೆಲವು ಮನೆಗಳಲ್ಲಿ ನೆರವಾಗಿದೆ. ಆದರೆ ಬಾಗಿಲಿಗೆ ಅಡ್ಡ ಮಲಗಿದ ಬೆಕ್ಕನ್ನು ಅದು ಎಬ್ಬಿಸುವುದಿಲ್ಲ. ನೋವಿಗೆ ಔಷಧಿ ಬೇಕೇ ಬೇಕು, ಅದನ್ನು ನಿಮ್ಮ ಡಾಕ್ಟರೇ ಕೊಡಲಿ. ನಮ್ಮ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಅರ್ಧ ಮಾತ್ರೆಯೂ ಕೂಡದು.

ಬೆಕ್ಕನ್ನು ಹಾಸ್ಟೆಲಿಗೆ ಬಿಡುವುದು, ಹೊಸ ಬೆಕ್ಕು ತರುವುದು, ಇವೆರಡು ಉಳಿದವು. ಅದನ್ನು ಪ್ರಶ್ನೆಗಳಲ್ಲಿ ನೋಡೋಣ. ಹಿಂದಿನ ಸಾಲಿನಲ್ಲಿ ಒಬ್ಬರು ಆಗಿನಿಂದ ಕೈ ಎತ್ತಿಕೊಂಡೇ ಇದ್ದಾರೆ, ಮೈಕ್ ಅವರಿಗೆ ಕೊಡಿ.