ಅಪ್ಪನ ನೆನಪಿಗೆ ಕಟ್ಟಿದ ಕೆಂಪು ಮಂದಿರ

ನಮಸ್ಕಾರ. ಈಗ ನೀವು ನೋಡುತ್ತಿರುವುದು ಕೋಲ್ಕತ್ತಾದ ಬ್ರೇಬೋರ್ನ್ ರಸ್ತೆ. ಚೀಲ, ಆಟಿಕೆ, ಬಳೆ ಎಲ್ಲವನ್ನೂ ಸಗಟಿನಲ್ಲಿ ಮಾರುವ ಪೇಟೆ ಇದು. ತಲೆಯ ಮೇಲೆ ಹೊರೆ ಹೊತ್ತ ಕೂಲಿಯವರಿಗೆ ದಾರಿ ಬಿಡುತ್ತಾ, ಬಿಡುತ್ತಾ ಮುಂದೆ ಹೋದೆ. ಎತ್ತರದ ಕೆಂಪು ಗೋಪುರ ದೂರದಿಂದಲೇ ಕಂಡಿತ್ತು. ಹತ್ತಿರ ಬಂದ ಮೇಲೆ ಮಾತ್ರ ಬಾಗಿಲು ಸಿಗಲಿಲ್ಲ. ಅಂಗಡಿಗಳ ಮರೆಯಲ್ಲಿದ್ದ ಗೇಟನ್ನು ಹಣ್ಣಿನ ಬುಟ್ಟಿ ಇಟ್ಟುಕೊಂಡಿದ್ದ ಹುಡುಗನೊಬ್ಬ ಕೈಮಾಡಿ ತೋರಿಸಿದ.

ಇದು ಮಾಗೆನ್ ಡೇವಿಡ್ ಸಿನಗಾಗ್. ಯೆಹೂದಿಗಳ ಸಭಾಮಂದಿರ. ಹೀಬ್ರೂ ಭಾಷೆಯಲ್ಲಿ ಈ ಹೆಸರಿಗೆ ದಾವೀದನ ಗುರಾಣಿ ಎಂದರ್ಥ. ಗೋಪುರ, ಗಡಿಯಾರ, ಕೆಂಪು ಇಟ್ಟಿಗೆ ನೋಡಿದವರು ಇದನ್ನು ಚರ್ಚ್ ಎಂದುಕೊಂಡರೆ ಆಶ್ಚರ್ಯವಿಲ್ಲ. ನಾನೂ ಮೊದಲು ಹಾಗೆಯೇ ಅಂದುಕೊಂಡೆ.

ಕಟ್ಟಿದ್ದು 1884ರಲ್ಲಿ. ಕಟ್ಟಿಸಿದವರು ಎಲಿಯಾಸ್ ಡೇವಿಡ್ ಎಜ್ರಾ, ತಮ್ಮ ತಂದೆ ಡೇವಿಡ್ ಜೋಸೆಫ್ ಎಜ್ರಾ ಅವರ ನೆನಪಿಗೆ. ತಂದೆ ತೀರಿಕೊಂಡು ಆಗ ಎರಡೇ ವರ್ಷವಾಗಿತ್ತು. ಆ ತಂದೆ ಸಾಮಾನ್ಯರಲ್ಲ. ನೀಲಿ, ರೇಷ್ಮೆ, ಅಫೀಮಿನ ವ್ಯಾಪಾರದಲ್ಲಿ ಗಳಿಸಿದ್ದನ್ನು ನಗರದ ನೆಲ, ಮನೆಗಳ ಮೇಲೆ ಹಾಕಿ ಕಲ್ಕತ್ತಾದ ದೊಡ್ಡ ಆಸ್ತಿವಂತರಲ್ಲಿ ಒಬ್ಬರಾಗಿದ್ದರು. ಅಫೀಮಿನ ಮಾತನ್ನು ಮುಚ್ಚಿಡಲು ನನಗೆ ಮನಸ್ಸಿಲ್ಲ. ಆ ಕಾಲದ ಕಲ್ಕತ್ತಾ, ಬೊಂಬಾಯಿಗಳ ಎಷ್ಟೋ ಭವ್ಯ ಕಟ್ಟಡಗಳ ಅಡಿಪಾಯದಲ್ಲಿ ಆ ಹಣವಿದೆ. ಎಜ್ರಾ ಅವರ ಹೆಸರಿನ ಬೀದಿ ಇಲ್ಲೇ ಹತ್ತಿರದಲ್ಲಿದೆ. ಪೊಲಾಕ್ ಸ್ಟ್ರೀಟಿನ ಬೆತ್ ಎಲ್ ಸಿನಗಾಗನ್ನು 1856ರಲ್ಲಿ ಕಟ್ಟಿಸಿದವರಲ್ಲಿಯೂ ಅವರು ಒಬ್ಬರು. ಇವೆರಡೂ ಇಂದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕಗಳು.

ಇಲ್ಲಿನ ಯೆಹೂದಿಗಳನ್ನು ಬಾಗ್ದಾದಿ ಯೆಹೂದಿಗಳು ಎನ್ನುತ್ತಾರೆ, ಆದರೆ ಎಲ್ಲರೂ ಬಾಗ್ದಾದಿನವರಲ್ಲ. 1798ರಲ್ಲಿ ಇಲ್ಲಿಗೆ ಬಂದು ಮೊದಲು ನೆಲೆ ನಿಂತ ಶಾಲೋಮ್ ಕೋಹೆನ್ ಸಿರಿಯಾದ ಅಲೆಪ್ಪೊ ಊರಿನವರು. ಅವರ ಹಿಂದೆ ಬಾಗ್ದಾದ್, ಬಸ್ರಾಗಳಿಂದ ಜನ ಬಂದರು. ಎರಡನೇ ಮಹಾಯುದ್ಧದಲ್ಲಿ ಬರ್ಮಾದಿಂದ ಓಡಿಬಂದವರೂ ಸೇರಿ ಸಂಖ್ಯೆ ಸಾವಿರಗಳಲ್ಲಿತ್ತು. ಸ್ವಾತಂತ್ರ್ಯದ ನಂತರ ಇಸ್ರೇಲ್, ಇಂಗ್ಲೆಂಡ್, ಆಸ್ಟ್ರೇಲಿಯಾ ಎಂದು ಹೊರಟುಹೋದರು. ಇಂದು ಈ ಇಡೀ ನಗರದಲ್ಲಿ ಉಳಿದವರು ಇಪ್ಪತ್ತರ ಆಸುಪಾಸಿನ ಮಂದಿ.

ಒಳಗೆ ಬನ್ನಿ. ತಲೆ ಮುಚ್ಚಿಕೊಳ್ಳುವುದು ಇಲ್ಲಿನ ರೂಢಿ, ನಾನು ಕರವಸ್ತ್ರ ಕಟ್ಟಿಕೊಂಡಿದ್ದೇನೆ. ಕಾಲ ಕೆಳಗಿನ ನೆಲ ಚದುರಂಗದ ಹಾಸಿನಂತೆ ಕಪ್ಪು ಬಿಳುಪು. ಎರಡೂ ಬದಿಯ ಕಂಬಗಳ ತುದಿಯಲ್ಲಿ ಎಲೆ, ಹೂಗಳ ಕೆತ್ತನೆ. ಮೇಲೆ ಹೆಂಗಸರು ಕೂರುತ್ತಿದ್ದ ಉಪ್ಪರಿಗೆ. ನಡುವೆ ಧರ್ಮಗ್ರಂಥ ಓದುವ ಕಟ್ಟೆ. ಎದುರಿಗೆ, ಪಶ್ಚಿಮಕ್ಕೆ, ಅರ್ಧ ಗುಮ್ಮಟದ ಒಳಮೈಯಲ್ಲಿ ನಕ್ಷತ್ರಗಳು ಹರಡಿವೆ. ಜೆರುಸಲೇಮ್ ಇಲ್ಲಿಂದ ಪಶ್ಚಿಮ ದಿಕ್ಕು, ಅದಕ್ಕೇ ಮುಖ ಆ ಕಡೆಗೆ. ಬಣ್ಣದ ಗಾಜಿನಿಂದ ಬಂದ ಬಿಸಿಲು ಖಾಲಿ ಬೆಂಚಿನ ಮೇಲೆ ಬಿದ್ದಿದೆ. ನಾನು ಒಂದು ಬೆಂಚಿನ ತೋಳಿನ ಮೇಲೆ ಬೆರಳಾಡಿಸಿ ನೋಡಿದೆ. ಧೂಳಿಲ್ಲ. ಹೊರಗೆ ಬ್ರೇಬೋರ್ನ್ ರಸ್ತೆ, ಒಳಗೆ ಒಂದು ಕಣ ಧೂಳಿಲ್ಲ!

ಯೆಹೂದಿಗಳ ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಗಂಡಸರು ಕೂಡಬೇಕು. ಆ ಹತ್ತು ಮಂದಿ ಸಿಗದೆ ಇಲ್ಲಿ ನಿತ್ಯದ ಪ್ರಾರ್ಥನೆ ನಿಂತು ದಶಕಗಳಾದವು. ಹಾಗಾದರೆ ಈ ಬೆಂಚನ್ನು ಒರೆಸುವವರು ಯಾರು? ಒಡಿಶಾದಿಂದ ಬಂದ ಮುಸ್ಲಿಂ ಕುಟುಂಬಗಳು. ತಲೆಮಾರುಗಳಿಂದ ಈ ನಗರದ ಸಿನಗಾಗ್‌ಗಳನ್ನು ನೋಡಿಕೊಳ್ಳುತ್ತಿರುವುದು ಅವರೇ. ನನಗೆ ಬಾಗಿಲು ತೆರೆದ ಚಾಚಾ ಕೂಡ ಅಂಥವರಲ್ಲಿ ಒಬ್ಬರು. ಮುಖ ತೋರಿಸುವುದು ಬೇಡ ಎಂದರು, ತೋರಿಸುತ್ತಿಲ್ಲ. "ಅಬ್ಬಾ ಇಲ್ಲೇ ಕೆಲಸ ಮಾಡುತ್ತಿದ್ದರು, ನಾನು ಅವರಿಂದ ಕಲಿತೆ" ಎಂದಷ್ಟೇ ಹೇಳಿದರು. ಅಪ್ಪನಿಗಾಗಿ ಮಗ ಕಟ್ಟಿದ ಮನೆಯನ್ನು ಇನ್ನೊಬ್ಬ ಅಪ್ಪನ ಮಗ ಗುಡಿಸುತ್ತಿದ್ದಾರೆ. ಇದನ್ನು ಕೇಳಿ ನನಗೆ ಸ್ವಲ್ಪ ಹೊತ್ತು ಕ್ಯಾಮೆರಾ ಹಿಡಿಯಲು ಆಗಲಿಲ್ಲ.

ಹೀಗೆ ಧರ್ಮಗಳು ಬೆರೆಯುವುದು ಈ ನಗರಕ್ಕೆ ಹೊಸದೂ ಅಲ್ಲ. 1881ರಲ್ಲಿ ಯೆಹೂದಿ ಹುಡುಗಿಯರಿಗೆಂದೇ ತೆರೆದ ಜ್ಯೂಯಿಷ್ ಗರ್ಲ್ಸ್ ಸ್ಕೂಲಿನಲ್ಲಿ ಇಂದು ಓದುವವರಲ್ಲಿ ಹೆಚ್ಚಿನವರು ಮುಸ್ಲಿಂ ಹುಡುಗಿಯರು. 1902ರಲ್ಲಿ ಶುರುವಾದ, ಈಗ ನ್ಯೂ ಮಾರ್ಕೆಟ್ಟಿನಲ್ಲಿರುವ ಯೆಹೂದಿಗಳ ನಹೂಮ್ ಬೇಕರಿಯ ಮುಂದೆ ಕ್ರಿಸ್‌ಮಸ್ ಕೇಕಿಗಾಗಿ ಬಂಗಾಳಿಗಳು ಸಾಲು ನಿಲ್ಲುತ್ತಾರೆ.

ದುರಸ್ತಿ ಮುಗಿದು 2017ರ ಡಿಸೆಂಬರಿನಲ್ಲಿ ಈ ಮಂದಿರ ಮತ್ತೆ ತೆರೆಯಿತು. ಬರುವವರು ಗುರುತಿನ ಚೀಟಿ ತನ್ನಿ, ಅವಸರದಲ್ಲಿ ಬರಬೇಡಿ.

ನಾನು ಹೊರಡುವಾಗ ಮಧ್ಯಾಹ್ನದ ನಮಾಜಿನ ಹೊತ್ತಾಗಿತ್ತು. ಚಾಚಾ ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿದರು, ಬೀಗ ಹಾಕಿದರು, ಎರಡು ಸಲ ಎಳೆದು ನೋಡಿದರು. ಆಮೇಲೆ ಬೀಗದ ಕೈಯನ್ನು ಜುಬ್ಬದ ಜೇಬಿಗಿಳಿಸಿ, ಟೋಪಿ ಸರಿಮಾಡಿಕೊಂಡು ಜನರ ನಡುವೆ ನಡೆದುಹೋದರು.